ಕಾರಣದ ಕಾಲಂನಲ್ಲಿ ನನ್ನ ಮೀನನ್ನೇ ಬರೆಯಿರಿ

ಮಾನ್ಯ ಪ್ರಾಂಶುಪಾಲರೇ,

ನನ್ನ ಮಗಳು ಕಾರವಾರದ ನಿಮ್ಮ ಕಾಲೇಜು ಬಿಟ್ಟು ಅಂಕೋಲೆಯ ಕಾಲೇಜಿಗೆ ಸೇರುವುದಕ್ಕೆ ಕೊಟ್ಟ ವರ್ಗಾವಣೆಯ ಅರ್ಜಿಯನ್ನು ನೀವು ಎರಡು ಸಲ ತಿರುಗಿಸಿ ಕಳಿಸಿದ್ದೀರಿ. ಮೊದಲ ಸಲ ಕಾರಣದ ಕಾಲಂನಲ್ಲಿ ಅವಳು ‘ದೂರ’ ಎಂದು ಬರೆದಿದ್ದಳು. ಪಕ್ಕದಲ್ಲಿ ನೀವು ಕೆಂಪು ಶಾಯಿಯಲ್ಲಿ ‘ಕಳೆದ ವರ್ಷ ಹತ್ತಿರವಿತ್ತೇ?’ ಎಂದು ಕೇಳಿದಿರಿ. ಎರಡನೆಯ ಸಲ ‘ವೈಯಕ್ತಿಕ’ ಎಂದು ಬರೆದಳು. ‘ಸಮರ್ಪಕ ಕಾರಣ ನಮೂದಿಸಿ’ ಎಂದಿರಿ. ನಿರಾಕ್ಷೇಪಣಾ ಪತ್ರಕ್ಕೆ ನಿಮ್ಮ ಸಹಿ ಬೀಳದೆ ಅಂಕೋಲೆಯವರು ಅವಳನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅದು ಮುಗಿದರೆ ಅವಳು ಓದನ್ನೇ ಬಿಡುತ್ತೇನೆ ಎನ್ನುತ್ತಿದ್ದಾಳೆ. ಸಮರ್ಪಕ ಕಾರಣ ಏನೆಂದು ನಿಮಗೆ ಗೊತ್ತು, ಅವಳಿಗೆ ಗೊತ್ತು, ನಿಮ್ಮ ಆಫೀಸಿಗೆಲ್ಲ ಗೊತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ಈಗ ನನಗೂ ಗೊತ್ತಾಗಿದೆ. ಆದ್ದರಿಂದ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ನಮೂದಿಸುತ್ತಿದ್ದೇನೆ. ಸಮರ್ಪಕ ಕಾರಣ ನಾನು.

ಹೀಗೆ ಬರೆಯುವುದು ಸರಿಯೋ ತಪ್ಪೋ ಎಂದು ನನಗೆ ಇನ್ನೂ ಖಾತ್ರಿಯಿಲ್ಲ. ‘ಮಾನ್ಯರೇ’ ಎಂದು ಹಾಕುವುದಕ್ಕೇ ಎಷ್ಟೋ ಹೊತ್ತು ಕೂತಿದ್ದೆ. ಹಾಕಿದರೆ ವ್ಯಂಗ್ಯ ಎಂದುಕೊಳ್ಳುತ್ತೀರೇನೋ, ಹಾಕದಿದ್ದರೆ ಸೊಕ್ಕು ಎಂದುಕೊಳ್ಳುತ್ತೀರೇನೋ. ನನ್ನ ಓದು ಏಳನೆಯ ಇಯತ್ತೆಯಲ್ಲಿ ಒಮ್ಮೆ ನಿಂತಿತು, ಅವ್ವನ ಕಾಯಿಲೆ ವಾಸಿಯಾದ ಮೇಲೆ ಮತ್ತೆ ಹೋದೆ, ಒಂಬತ್ತರಲ್ಲಿ ಪೂರಾ ನಿಂತುಹೋಯಿತು. ಮದುವೆಯಾದ ಮೇಲೆ ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಿ ಗಣಿತದಲ್ಲಿ ಬಿದ್ದೆ. ಆದರೂ ನಮ್ಮ ಸ್ವಸಹಾಯ ಸಂಘದ ಠರಾವು ಬರೆಯುವವಳು ನಾನೇ. ಹಾಗಾಗಿ ‘ಸಮರ್ಪಕ’, ‘ನಮೂದಿಸಿ’ ಮುಂತಾದ ನಿಮ್ಮ ಶಬ್ದಗಳು ನನಗೆ ಅರ್ಥವಾಗುತ್ತವೆ. ಅರ್ಥವಾಗದಿದ್ದರೆ ಚೆನ್ನಾಗಿತ್ತು. ನಿಮ್ಮ ಹೆಸರನ್ನಾಗಲಿ ಕಾಲೇಜಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮಗಳ ಹೆಸರನ್ನೂ ಬರೆಯುವುದಿಲ್ಲ. ಅವಳಿಗೆ ನನ್ನಿಂದ ಆದದ್ದು ಸಾಕು.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಇಡೀ ಕೇರಿಯ ಪದ್ಧತಿ ಎನ್ನುವುದಕ್ಕೆ ಹೆದರಿಕೆ, ನಾಳೆ ಯಾರಾದರೂ ಬಂದು ‘ನಮ್ಮಲ್ಲಿ ಹಾಗಿಲ್ಲ’ ಎಂದಾರು. ಭಾವಿಕೇರಿಯ ಸಮುದ್ರದ ಬದಿಗೆ ನಮ್ಮ ಮನೆ. ಯಜಮಾನರು ಬೋಟಿಗೆ ಹೋಗುತ್ತಾರೆ, ನಾನು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತೇನೆ. ಮಳೆಗಾಲದ ನಿಷೇಧ ಮುಗಿದು ಬೋಟು ಇಳಿದ ಮೇಲೆ ನಮ್ಮ ಪಾಲಿಗೆ ಬರುವ ಮೊದಲ ಒಳ್ಳೆಯ ಮೀನನ್ನು ನಾವು ಮಾರುವುದಿಲ್ಲ, ತಿನ್ನುವುದೂ ಇಲ್ಲ. ಆ ವರ್ಷ ಯಾರ ಉಪಕಾರ ನಮ್ಮ ಮೇಲೆ ಇದೆಯೋ ಅವರ ಮನೆಗೆ ಅದು ಹೋಗುತ್ತದೆ. ಮಗಳು ಹುಟ್ಟಿದ ವರ್ಷ ಹೆರಿಗೆ ಮಾಡಿಸಿದ ಡಾಕ್ಟರ ಮನೆಗೆ ಹೋಯಿತು. ಗಾಳಿಗೆ ಚಾವಣಿ ಹಾರಿದ ವರ್ಷ, ಕರೆಯದೆ ಬಂದು ಹಂಚು ಹೊದಿಸಿಕೊಟ್ಟ ಬಾಳಾ ಎಂಬ ಕೂಲಿಯವನ ಮನೆಗೆ ಹೋಯಿತು. ಮೀನನ್ನು ಕತ್ತರಿಸಬಾರದು, ತಲೆ ಬಾಲ ಸಮೇತ ಇಡಿಯಾಗಿ ಕೊಡಬೇಕು. ಕತ್ತರಿಸಿದರೆ ಅದು ಪೇಟೆಯ ಮಾಲು. ಇನ್ನೊಂದು, ಅದೇ ಮುಖ್ಯ. ಕೈಯಲ್ಲಿ ಕೊಡಬಾರದು, ಬಾಯಲ್ಲಿ ಹೇಳಬಾರದು. ಹಿತ್ತಲ ಬಾಗಿಲ ಹತ್ತಿರ ತಂಪು ಜಾಗ ನೋಡಿ ಇಟ್ಟು ಸುಮ್ಮನೆ ಬರಬೇಕು. ನಮ್ಮ ಅತ್ತೆ ಕುಪ್ಪಿ ನನಗೆ ಮದುವೆಯಾದ ವರ್ಷವೇ ಹೇಳಿಕೊಟ್ಟಿದ್ದರು: “ಕೊಟ್ಟಿದ್ದೆ ಅಂತ ಅಲ್ಲಿ ನಿಂತ್ಕಬೇಡ ಕಾಣು. ನಿಂತ್ಕಂಡ್ರೆ ಅವರಿಗೆ ತಿರುಗಿ ಎಂತಾದ್ರೂ ಕೊಡೂಕು ಅನ್ನಿಸ್ತದೆ. ಆಗೆ ಅದು ವ್ಯಾಪಾರ ಆಯ್ತು.” ಇಷ್ಟು ವರ್ಷ ಇಟ್ಟು ಬಂದಿದ್ದೇವೆ, ಒಂದು ಸಲವೂ ತಪ್ಪಿಲ್ಲ. ಹಿತ್ತಲಲ್ಲಿ ಮೀನು ಕಂಡವರಿಗೆ ಅದು ಯಾರ ಮನೆಯದೆಂದು ಕೇಳದೆಯೇ ಗೊತ್ತಾಗುತ್ತಿತ್ತು.

ಕಳೆದ ವರ್ಷ ಯಾರ ಉಪಕಾರ ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನನ್ನ ಮಗಳೇ ಮೊದಲು. ಅಂಕೋಲೆಯಲ್ಲೇ ಓದುತ್ತೇನೆ ಎಂದಿದ್ದವಳನ್ನು ಕಾರವಾರಕ್ಕೇ ಹೋಗಬೇಕು ಎಂದು ಹಟ ಮಾಡಿ ಕಳಿಸಿದವಳು ನಾನು. ಜಿಲ್ಲೆಯ ಕಚೇರಿಗಳೆಲ್ಲ ಇರುವ ಊರು, ಅಲ್ಲಿ ಓದಿದರೆ ದೊಡ್ಡವಳಾಗುತ್ತಾಳೆ ಎಂಬ ಆಸೆ. ಅವಳಿಗೆ ಸೀಟು ಕೊಟ್ಟವರು ನೀವು. ಆದ್ದರಿಂದ ಮೊದಲ ಮೀನು ನಿಮಗೆ. ಯಜಮಾನರು ಒಂದು ಮಾತು ಹೇಳಿದ್ದರು, ಕೇಳಬೇಕಾಗಿತ್ತು.

“ಮನೆಗೆ ಕೊಡೂದು ಬೇರೆ, ಆಫೀಸಿಗೆ ಕೊಡೂದು ಬೇರೆ. ಅವರ ಮನೆ ಎಲ್ಲದೆ ಅಂತ ಮೊದಲು ಕೇಳು.”

“ಅವರು ದಿನಾ ಕೂತ್ಕಳ್ಳೂದೆಲ್ಲಿ? ಅಲ್ಲೇ ತಾನೆ? ಅದೇ ಅವರ ಮನೆ” ಎಂದೆ ನಾನು.

ಆ ಸಲ ನಮ್ಮ ಪಾಲಿಗೆ ಬಂದದ್ದು ಒಳ್ಳೆ ತೂಕದ ಇಸ್ವಾಣ. ನಮ್ಮ ಕಡೆ ಮದುವೆಯ ಊಟಕ್ಕೆ ಹುಡುಕಿಕೊಂಡು ಬಂದು ಒಯ್ಯುವ ಮೀನು ಅದು. ಬಾಳೆ ಎಲೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬರ್ಫದ ಜೊತೆ ಕಟ್ಟಿ, ಬಟ್ಟೆ ಅಂಗಡಿಯ ಹೊಸ ಚೀಲದಲ್ಲಿ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಹೆದರಿಕೆ. ಬರ್ಫ ಕರಗಿದರೆ? ನೀರು ಸೋರಿದರೆ? ನನ್ನ ಸೀರೆಯ ನೆರಿಗೆ ಸರಿ ಇದೆಯೇ? ಕಾಲೇಜಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬಿಡಬಾರದೋ? ಇಷ್ಟೆಲ್ಲಕ್ಕೂ ಹೆದರಿದವಳು, ನೀವು ಮೀನು ತಿನ್ನುವವರೋ ಅಲ್ಲವೋ ಎಂಬುದನ್ನು ಮಾತ್ರ ಯೋಚಿಸಲಿಲ್ಲ. ನನಗೆ ಅದು ಈಗಲೂ ಗೊತ್ತಿಲ್ಲ. ಬಸ್ಸಿನ ಕಂಡಕ್ಟರ್ ಚೀಲ ನೋಡಿ ನಕ್ಕ.

“ಬಾಯಿ, ಯಾರ ಮನೆ ಲಗ್ನ?”

“ಲಗ್ನ ಅಲ್ಲ. ಮಗಳ ಕಾಲೇಜಿಗೆ.”

“ಕಾಲೇಜಿಗೆ ಮೀನಾ? ಪಾಸ್ ಮಾಡೂಕೆ ಮಾಸ್ತರರಿಗೆ ಹಿಂಗೂ ಕೊಡ್ತರಾ ಈಗೆ?”

ಹಿಂದಿನ ಸೀಟಿನವರೆಲ್ಲ ನಕ್ಕರು. ನಾನೂ ನಕ್ಕೆ. ತಮಾಷೆ ಅಂದುಕೊಂಡಿದ್ದೆ, ಮಾನ್ಯರೇ.

ಅಂದು ಶನಿವಾರ. ನೀವು ಯಾವುದೋ ಮೀಟಿಂಗಿಗೆ ಹೋಗಿದ್ದಿರಿ. ನಿಮ್ಮ ಜವಾನರು ಒಳ್ಳೆಯವರು, “ಸರ್ ಬರ್ತ್ರು, ಒಳಗೇ ಕೂತ್ಕಳಿ ಅಮ್ಮಾ” ಎಂದು ನಿಮ್ಮ ಕೋಣೆಯಲ್ಲೇ ಕೂರಿಸಿ ನೀರು ತರಲು ಹೋದರು. ಕೋಣೆಯಲ್ಲಿ ಎಸಿ ಇತ್ತು. ಇದಕ್ಕಿಂತ ತಂಪು ಜಾಗ ಎಲ್ಲಿ ಸಿಕ್ಕೀತು ಎಂದುಕೊಂಡೆ. ನಿಮ್ಮ ಕುರ್ಚಿಯ ಹಿಂದೆ ಕಡತಗಳ ಕಪಾಟಿನ ಮೂಲೆಯಲ್ಲಿ ಚೀಲ ಇಟ್ಟೆ. ಜವಾನರು ಬರುವ ಮೊದಲೇ ಎದ್ದು ಬಂದೆ. ಕಾಯಬಾರದಲ್ಲ. ಮೆಟ್ಟಿಲು ಇಳಿಯುವಾಗ ಎದೆ ಹಗುರಾಗಿತ್ತು. ಮಗಳಿಗೂ ಹೇಳಲಿಲ್ಲ, ಅವಳು ತರಗತಿಯಲ್ಲಿದ್ದಳು. ನೀವು ಅಂದು ತಿರುಗಿ ಬರಲೇ ಇಲ್ಲ, ಕೋಣೆಗೆ ಬೀಗ ಬಿತ್ತು, ಎಸಿ ಆರಿತು, ಮರುದಿನ ಭಾನುವಾರ, ಅದರ ಮರುದಿನ ನಿಮ್ಮ ಕಾಲೇಜು ನೋಡಲು ತಪಾಸಣಾ ತಂಡ ಬರುವುದಿತ್ತು ಎಂಬುದೆಲ್ಲ ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಅಂದರೆ ಈಗ.

ಆ ಒಂದು ವರ್ಷ ನಾನು ಹೇಗಿದ್ದೆ ಎಂದು ಹೇಳಬೇಕು. ಹೇಳಿದರೆ ನಾಚಿಕೆ, ಹೇಳದಿದ್ದರೆ ನಿಮಗೆ ಕಾರಣ ಸಮರ್ಪಕವಾಗುವುದಿಲ್ಲ. ಆ ಸೋಮವಾರ ಸಂಜೆ ಮಗಳು ಮನೆಗೆ ಬಂದವಳೇ ಸ್ನಾನಕ್ಕೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ.

“ನಿಮ್ಮ ಪ್ರಾಂಶುಪಾಲರು ಎಂತಾದ್ರೂ ಅಂದ್ರೇನೇ?”

“ಎಂತಕ್ಕೆ?”

“ಇಸ್ವಾಣ ಇಟ್ಟಿಕೆ ಬಂದಿದ್ದೆ ಮಾರಾಯ್ತಿ, ಶನಿವಾರ. ಸಿಕ್ತಂತಾ?”

ಅವಳು ಕೂದಲು ಒರೆಸುತ್ತಲೇ ಇದ್ದಳು. ಟವೆಲಿನೊಳಗಿಂದಲೇ ಹೇಳಿದಳು: “ಸಿಕ್ತಂತೆ ಆಯಿ. ಪಸಂದ ಆಗಿತ್ತಂತೆ.”

ಪಸಂದ ಆಗಿತ್ತಂತೆ! ನಾನು ಆ ಮಾತನ್ನು ಅಂಕೋಲೆಯ ಪೇಟೆಗೆಲ್ಲ ಹಂಚಿದೆ. ಪಕ್ಕದಲ್ಲಿ ಕೂತು ಮೀನು ಮಾರುವ ಹೊನ್ನು ನನ್ನ ಬಾಯಿಂದ ಅದನ್ನು ಎಷ್ಟು ಸಲ ಕೇಳಿದ್ದಾಳೋ. ಗಿರಾಕಿಗಳಿಗೂ ಹೇಳಿದೆ, “ನಮ್ಮ ಮೀನು ಕಾರವಾರದ ಪ್ರಾಂಶುಪಾಲರು ಹೊಗಳಿದ ಮೀನು.” ಫಲಿತಾಂಶ ಬಂದಾಗ ಮಗಳಿಗೆ ಪ್ರಥಮ ದರ್ಜೆ. ಹೊನ್ನು ಕಣ್ಣು ಮಿಟುಕಿಸಿ, “ಎಲ್ಲಾ ನಿನ್ನ ಇಸ್ವಾಣದ ಗುಣ ಮಾರಾಯ್ತಿ, ನನ್ನ ಮಗ ಫೇಲಾದ, ನಾ ಬರೇ ಅಗ್ಗದ ತಾರ್ಲೆ ಮೀನು ಕೊಟ್ಟಿದ್ದೆ” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮಗಳು ಪಕ್ಕದಲ್ಲೇ ನಿಂತಿದ್ದಳು, ನಗಲಿಲ್ಲ. ಓದಿ ಓದಿ ಗಂಭೀರಳಾಗಿದ್ದಾಳೆ ಎಂದುಕೊಂಡೆ. ಈ ವರ್ಷ ಬೋಟು ಇಳಿಯುವ ಹೊತ್ತಿಗೆ, ಈ ಸಲವೂ ಸರ್‌ಗೇ ಕಳಿಸೋಣ ಎಂದೆ. “ಬೇಡ ಆಯಿ, ಸರ್‌ಗೆ ಶುಗರ್ ಬಂದದೆ” ಎಂದಳು. “ಮೀನಿಗೂ ಶುಗರಿಗೂ ಎಂತ ಸಂಬಂಧನೇ?” ಎಂದು ಕೇಳಿದೆ. ಎದ್ದು ಹೋದಳು. ಅದಾಗಿ ಕೆಲವೇ ದಿನಗಳಲ್ಲಿ ಅಂಕೋಲೆಯ ಕಾಲೇಜಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಬಸ್ಸಿನ ತ್ರಾಸು ಎಂದಳು. ನಾನು ಬೈದೆ. ಕಾರವಾರದಂಥ ಕಾಲೇಜು, ನಿಮ್ಮಂಥ ಪ್ರಾಂಶುಪಾಲರು, ಇದನ್ನು ಬಿಟ್ಟು ಯಾರಾದರೂ ಹೋಗುತ್ತಾರೆಯೇ ಎಂದೆ. ನಿಮ್ಮ ಪರವಾಗಿ ನನ್ನ ಮಗಳ ಎದುರು ವಕಾಲತ್ತು ಮಾಡಿದವಳು ನಾನು, ಮಾನ್ಯರೇ. ಅದಕ್ಕೆ ನೀವು ನನಗೆ ಫೀಸು ಕೊಡಬೇಕಾಗಿತ್ತು.

ಎರಡನೆಯ ಸಲವೂ ಅರ್ಜಿ ತಿರುಗಿ ಬಂದಾಗ, ಪಾಲಕರು ಬಂದು ಮಾತಾಡಲಿ ಎಂದಿರಿ. ಬಂದೆ. ನೀವು ಯಾರ ಜೊತೆಗೋ ಇದ್ದಿರಿ, ಹೊರಗೆ ಆಫೀಸಿನಲ್ಲಿ ಕೂತೆವು. ಅಲ್ಲಿದ್ದ ಕ್ಲಾರ್ಕ್ ಬಾಯಿ ಮಗಳ ಮುಖ ನೋಡಿದರು, ಆಮೇಲೆ ನನ್ನ ಮುಖ.

“ಅಯ್ಯೋ! ಆ ಇಸ್ವಾಣದ ಬಾಯಿ ನೀವೇ ಏನ್ರೀ?”

ನನಗೆ ಖುಷಿಯಾಯಿತು. ಇಷ್ಟು ದಿನದ ಮೇಲೂ ನೆನಪಿಟ್ಟಿದ್ದಾರಲ್ಲ ಎಂದು. “ಹೌದು, ಚಲೋ ಇತ್ತಂತೆ ಅಲ್ಲವಾ?” ಎಂದು ಕೇಳಿಬಿಟ್ಟೆ.

ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಮಗಳು, “ಆಯಿ, ಬಾ, ಹೊರಗೆ ನಿಂತ್ಕಣ” ಎಂದು ನನ್ನ ಕೈ ಎಳೆದಳು. ಕ್ಲಾರ್ಕ್ ಬಾಯಿ ಕೆಟ್ಟವರಲ್ಲ. ನನಗೆ ಗೊತ್ತಿದೆ ಎಂದುಕೊಂಡೇ ಹೇಳಿದರು. ಸೋಮವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದವರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರಂತೆ. ಇಲಿ ಸತ್ತಿದೆ ಎಂದು ಹುಡುಕಿದರಂತೆ. ಚೀಲ ಕಂಡ ಮೇಲೆ ಮುಟ್ಟಲು ಯಾರೂ ತಯಾರಿಲ್ಲ. ನೌಕಾನೆಲೆಯ ಊರು, ವಾರಸುದಾರರಿಲ್ಲದ ಚೀಲ, ಬಾಂಬೋ ಏನೋ ಎಂದರಂತೆ. “ಬಾಂಬಾಗಿದ್ರೆ ಇಷ್ಟು ನಾತ ಬರ್ತಿರ್ಲಿಲ್ಲ ಅಂದೆ ನಾನೇ” ಎಂದು ಅವರು ನಕ್ಕರು. ಕೆಳಗಿನ ಖಾನೆಯ ಕಡತಗಳೆಲ್ಲ ಮೀನಿನ ನೀರಿನಲ್ಲಿ ನೆನೆದಿದ್ದವಂತೆ. ತಪಾಸಣೆಯವರ ಕಾರು ಗೇಟಿಗೆ ಬಂದಿತ್ತಂತೆ. ಜವಾನರಿಗೆ ನನ್ನ ನೆನಪಾಯಿತು, ಕ್ಯಾಮೆರಾದಲ್ಲೂ ನಾನಿದ್ದೆ. ಆಮೇಲೆ ಅವರು ಮಗಳ ಮುಖ ನೋಡಿ ಮಾತು ನಿಲ್ಲಿಸಿದರು. ನಾನು ಬಿಡಲಿಲ್ಲ. “ಆಮೇಲೆ?” ಎಂದೆ. ಅವರು ದನಿ ತಗ್ಗಿಸಿ ಹೇಳಿದರು: “ಆಮೇಲೆ ಮತ್ತೇನ್ರೀ, ಇವಳನ್ನ ಕ್ಲಾಸಿಂದ ಕರೆಸಿದ್ರು. ಪಾಪ, ಇವಳೇ ಎಲ್ಲ ತೊಳೆದ್ಲು.”

ಮಾನ್ಯರೇ, ನನ್ನ ಮೀನು ನಿಮ್ಮ ಕೋಣೆ ಕೆಡಿಸಿತು. ಅದಕ್ಕೆ ನಾನು ಮೊದಲು ತಲೆ ಬಾಗಿಸುತ್ತೇನೆ. ನಿಮ್ಮ ಕಡತ ಹಾಳಾಯಿತು, ಬಂದವರ ಎದುರು ಮಾನ ಹೋಯಿತು, ನಿಮ್ಮ ಸಿಟ್ಟು ಸಹಜ. ನೀವು ನನ್ನನ್ನು ಕರೆಸಿ ಬೈದಿದ್ದರೆ ನಿಮ್ಮ ಕೋಣೆ ಮಾತ್ರವಲ್ಲ, ಇಡೀ ಕಾಲೇಜನ್ನೇ ಮಂಡಿಯೂರಿ ಒರೆಸಿಕೊಟ್ಟು ಬರುತ್ತಿದ್ದೆ. ನನ್ನ ಯಜಮಾನರ ಫೋನ್ ನಂಬರು ನಿಮ್ಮ ಹತ್ತಿರ ಇತ್ತು. ಅದಕ್ಕೆ ಫೋನು ಬರಲಿಲ್ಲ. ನಿಮ್ಮಲ್ಲಿ ಜವಾನರಿದ್ದರು, ಕಸ ಗುಡಿಸುವವರಿದ್ದರು, ಅವರು ಯಾರೂ ನೆನಪಾಗಲಿಲ್ಲ. ತರಗತಿಯಲ್ಲಿ ಎಲ್ಲರ ನಡುವೆ ಕೂತು ಪಾಠ ಕೇಳುತ್ತಿದ್ದ ಹುಡುಗಿಯನ್ನು ಹೆಸರು ಕರೆದು ಎಬ್ಬಿಸಿ, “ನಿಮ್ಮ ಮನೆಯವರು ಇಟ್ಟದ್ದನ್ನು ನೀನೇ ತೆಗೆ, ಇಲ್ಲಿ ಅಂಕಗಳು ಮೀನಿಗೆ ಸಿಗುವುದಿಲ್ಲ” ಎಂದು ಹೇಳಿ, ಕೈಯಲ್ಲಿ ಫಿನಾಯಿಲ್ ಬಾಟಲಿ ಕೊಟ್ಟಿರಿ. ಬಾಗಿಲಲ್ಲಿ ಮಕ್ಕಳು ಗುಂಪುಗೂಡಿ ನೋಡಿದರು. ಯಾರೋ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ತಪ್ಪು ಮಾಡಿದವಳು ಅಂಕೋಲೆಯ ಪೇಟೆಯಲ್ಲಿ ನಗುತ್ತ ಕೂತಿದ್ದಳು, ಫಿನಾಯಿಲ್ ಕೈಗೆ ಬಂದದ್ದು ಏನೂ ಗೊತ್ತಿಲ್ಲದವಳಿಗೆ. ಇದನ್ನು ನಿಮ್ಮ ಪುಸ್ತಕಗಳಲ್ಲಿ ಏನೆಂದು ಕರೆಯುತ್ತಾರೆ? ಶಿಸ್ತು ಎಂದೇ? ನಾನು ಅಷ್ಟು ಓದಿಲ್ಲ, ತಿಳಿಸಿಕೊಡಿ.

ಅಂದಿನಿಂದ ಅವಳಿಗೆ ಆ ಕಾಲೇಜಿನಲ್ಲಿ ಹೆಸರೇ ಇಸ್ವಾಣ. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಮೆಲ್ಲಗೆ “ಇಸ್ವಾಣ ಬಂತು” ಎನ್ನುತ್ತಾರಂತೆ. ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಾಗ “ಎಷ್ಟು ಕಿಲೋ?” ಎಂದು ಕೇಳಿದರಂತೆ. ರಾತ್ರಿ ನಿದ್ದೆಗೆಟ್ಟು ಓದಿದ್ದು ಅವಳು. ಹೆಸರು ಮೀನಿಗೆ ಬಂತು. ಕೇಳಿದವರು ಕಾರವಾರದ ಮಕ್ಕಳು, ಅವರಲ್ಲಿ ಅರ್ಧದವರ ಮನೆಯಲ್ಲಿ ದಿನಾ ಮೀನು ಬೇಯುತ್ತದೆ. ತಿನ್ನುವವರಿಗೆ ನಾಚಿಕೆಯಿಲ್ಲ, ತರುವವರಿಗೆ ಮಾತ್ರ ಯಾಕೆ ಎಂದು ನಾನು ಕೇಳಬಹುದು. ಆದರೆ ಕೇಳುವ ಮುಖ ನನಗೆಲ್ಲಿದೆ? ಕ್ಲಾರ್ಕ್ ಬಾಯಿ ಮಾತು ಮುಗಿಸಿ, ಆ ಮೀನನ್ನು ಕಾಲೇಜಿನ ಹಿಂದೆ ತೆಂಗಿನ ಸಸಿಯ ಬುಡದಲ್ಲಿ ಹುಗಿದೆವು, ಸಸಿ ಈಗ ಭರ್ತಿ ಬೆಳೆದಿದೆ, ಬೇಕಿದ್ದರೆ ನೋಡಿ ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಅದು ಒಳ್ಳೆಯ ಮಾತೇ, ಆದರೆ ನನಗೆ ಆಗ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸುತ್ತಿತ್ತು.

ಅಷ್ಟರಲ್ಲಿ ನೀವು ಒಳಗೆ ಕರೆದಿರಿ. ಆ ಕೋಣೆ. ಆ ಕುರ್ಚಿ. ಕಪಾಟಿನ ಆ ಮೂಲೆಯಲ್ಲಿ ಈಗ ಒಂದು ಹೂಕುಂಡ ಇತ್ತು. ನೀವು ನನ್ನನ್ನು ಗುರುತಿಸಲಿಲ್ಲ. ಕೂರಿ ಎಂದಿರಿ, ಮರ್ಯಾದೆಯಿಂದಲೇ ಮಾತಾಡಿದಿರಿ. ಒಬ್ಬೊಬ್ಬರೇ ಹೀಗೆ ಬಿಟ್ಟು ಹೋದರೆ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತದೆ, ವಿಭಾಗವೇ ಮುಚ್ಚುತ್ತದೆ, ಮೇಲಿನವರಿಗೆ ಉತ್ತರ ಕೊಡಬೇಕಾದವರು ನಾವು ಎಂದಿರಿ. ಅದೂ ನಿಜವಿರಬಹುದು. ಆಮೇಲೆ ನೇರವಾಗಿ ಕೇಳಿದಿರಿ: “ನಮ್ಮ ಕಾಲೇಜಿನಲ್ಲಿ ನಿನಗೆ ಏನು ತೊಂದರೆ ಆಗಿದೆ? ಹೇಳಮ್ಮಾ, ನೋಡೋಣ.”

ಮಗಳು ನೆಲ ನೋಡುತ್ತ ಹೇಳಿದಳು: “ಏನೂ ಇಲ್ಲ ಸರ್.”

ನೀವು ನನ್ನ ಕಡೆ ತಿರುಗಿದಿರಿ. “ನೀವು ಹೇಳಿ. ಏನು ತೊಂದರೆ?”

ಎಲ್ಲ ಕೇಳಿ ಒಳಗೆ ಬಂದಿದ್ದೆ, ಮಾನ್ಯರೇ. ಬಾಯಿ ತುಂಬ ಮಾತಿತ್ತು. ಪೇಟೆಯಲ್ಲಿ ಮೀನಿನ ದರಕ್ಕೆ ನಾನು ಜಗಳಕ್ಕೆ ನಿಂತರೆ ರಸ್ತೆಯ ಆಚೆಯ ಅಂಗಡಿಗೆ ಕೇಳುತ್ತದೆ. ಆದರೆ ಆಗ ನನಗೆ ನನ್ನ ಕೈಯ ವಾಸನೆ ಬಂತು. ಅಂದು ಬೆಳಿಗ್ಗೆ ನಾನು ಮೀನು ಮುಟ್ಟಿರಲೇ ಇಲ್ಲ, ಸಾಬೂನು ಹಚ್ಚಿ ತೊಳೆದು ಬಂದಿದ್ದೆ, ಆದರೂ ಬಂತು. ಎರಡೂ ಕೈ ಸೆರಗಿನೊಳಗೆ ಹಾಕಿಕೊಂಡೆ. ಹಾಕಿಕೊಂಡು ಹೇಳಿದೆ: “ಏನೂ ಇಲ್ಲ ಸರ್.”

“ಏನೂ ಇಲ್ಲ ಅಂದಮೇಲೆ ವರ್ಗಾವಣೆ ಯಾಕೆ? ಸರಿಯಾಗಿ ಓದಿಕೊಂಡು ಇರಲಿ” ಎಂದು ನೀವು ಅರ್ಜಿ ಮಡಚಿ ನನ್ನ ಕೈಗೆ ಕೊಟ್ಟಿರಿ. ನಾನು ಸೆರಗಿನಿಂದ ಕೈ ತೆಗೆದು ಅದನ್ನು ತೆಗೆದುಕೊಂಡು, ನಿಮಗೆ ಥ್ಯಾಂಕ್ಸ್ ಹೇಳಿ ಬಂದೆ.

ಮೀನಿನ ಬಗ್ಗೆ ನನಗೆ ನಾಚಿಕೆಯಿದೆ. ಆದರೆ ಅದು ಗೊತ್ತಿಲ್ಲದೆ ಆದದ್ದು. ಗೊತ್ತಿದ್ದೂ ‘ಏನೂ ಇಲ್ಲ’ ಎಂದೆನಲ್ಲ, ಅದರ ನಾಚಿಕೆ ಬೇರೆ. ಮಗಳು ಅಂದದ್ದು ನನಗಾಗಿ. ನಾನು ಅಂದದ್ದು ಯಾರಿಗಾಗಿ?

ಬಸ್ಸು ತೋಡೂರು ದಾಟಿತು. ಆಮೇಲೆ ನಾನೇ ಕೇಳಿದೆ.

“ಪಸಂದ ಆಗಿತ್ತಂತೆ ಅಂದ್ಯಲ್ಲೇ. ಎಂತಕ್ಕೆ ಹಂಗಂದೆ?”

“ನೀ ಅಷ್ಟು ಖುಷಿಲಿ ಕೇಳ್ದೆ ಆಯಿ. ಮತ್ತೆಂತ ಹೇಳೂದು?”

“ನಂಗೆ ನಾಲ್ಕು ಬೈದಿಕೆ ಹೇಳೂಕಾಗಿತ್ತು.”

“ಬೈಬೇಕು ಅಂತೇ ಬಂದಿದ್ದೆ. ಬಸ್ಸಲ್ಲಿ ಪೂರಾ ತಯಾರಿ ಮಾಡ್ಕಂಡೇ ಬಂದಿದ್ದೆ. ನೀ ಬಾಗಲಲ್ಲೇ ನಿಂತಿದ್ದೆ. ಹೊಸ ಸೀರೆ ಉಟ್ಕಂಡು.”

ಆಚೆ ಸೀಟಿನ ಹೆಂಗಸು ನಮ್ಮನ್ನು ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಒಂದು ವರ್ಷ, ವಾರಕ್ಕೆ ಆರು ದಿನ ಆ ಹುಡುಗಿ ಇದೇ ಬಸ್ಸಿನಲ್ಲಿ ಅದೇ ಕಾಲೇಜಿಗೆ ಹೋಗಿ ಆ ಹೆಸರು ಕೇಳಿಸಿಕೊಂಡು ಬಂದಿದ್ದಾಳೆ. ಸಂಜೆ ಬಂದು ನನ್ನ ಮೀನಿನ ಹೊಗಳಿಕೆಯನ್ನೂ ಕೇಳಿಸಿಕೊಂಡಿದ್ದಾಳೆ. ಯಾವುದು ಹೆಚ್ಚು ಚುಚ್ಚಿತೋ ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ನನ್ನ ವಾದ ಕೇಳಿ. ನೀವು ಸಮರ್ಪಕ ಕಾರಣ ಬೇಕೆನ್ನುತ್ತೀರಿ. ಆ ಕಾಲಂನಲ್ಲಿ ಅವಳು ನಿಜ ಬರೆದರೆ ನೀವು ಸಹ ಓದಬೇಕಾಗುತ್ತದೆ, ಸಹಿ ಹಾಕಿ ಮೇಲಕ್ಕೆ ಕಳಿಸಬೇಕಾಗುತ್ತದೆ, ಮೇಲಿನವರೂ ಓದುತ್ತಾರೆ. ಅವಳು ಬರೆಯಲಿಲ್ಲ. ನಿಮ್ಮ ಮರ್ಯಾದೆಯನ್ನೂ ನನ್ನ ಮರ್ಯಾದೆಯನ್ನೂ ಒಂದೇ ‘ವೈಯಕ್ತಿಕ’ದಲ್ಲಿ ಮುಚ್ಚಿಟ್ಟಳು. ಇಪ್ಪತ್ತು ತುಂಬದ ಹುಡುಗಿಗೆ ಇಬ್ಬರು ದೊಡ್ಡವರ ಮಾನ ಕಾಯುವ ಕೆಲಸ ಬಿದ್ದಿದೆ. ನೀವು ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿರಿ. ಆ ಕೆಂಪು ಶಾಯಿ ಅಂದು ಫಿನಾಯಿಲ್ ಕೊಡುವಾಗ ಎಲ್ಲಿತ್ತು? ತಪಾಸಣಾ ತಂಡಕ್ಕೆ ಕೊಟ್ಟ ವರದಿಯಲ್ಲಿ, ಈ ಕೋಣೆಯನ್ನು ವಿದ್ಯಾರ್ಥಿನಿಯೊಬ್ಬಳು ತೊಳೆದಿದ್ದಾಳೆ ಎಂದು ನಮೂದಿಸಿದ್ದಿರೇ? ಸಮರ್ಪಕವಾಗಿ?

ಇನ್ನೊಂದು ಹೆದರಿಕೆಯನ್ನೂ ಹೇಳುತ್ತೇನೆ. ನಾನು ಬರೆದದ್ದು ಓದಿ ನಿಮಗೆ ಸಿಟ್ಟು ಬಂದು ನೀವು ಸಹಿಯನ್ನೇ ಹಾಕದಿದ್ದರೆ? ಹಾಕಿದರೂ ಅಂಕೋಲೆಯ ಕಾಲೇಜಿನವರಿಗೆ ಫೋನು ಮಾಡಿ ‘ಈ ಹುಡುಗಿಯ ತಾಯಿ ಪತ್ರಿಕೆಗೆ ಬರೆಯುವವಳು’ ಎಂದು ಹೇಳಿಬಿಟ್ಟರೆ? ಅಲ್ಲಿಯ ಮಕ್ಕಳೂ ಇದನ್ನು ಓದಿದರೆ? ಇದು ಅಚ್ಚಾದ ಮೇಲೆ ಕಾರವಾರದಲ್ಲಿ ಆ ಫೋಟೋ ನೋಡದೆ ಇದ್ದವರಿಗೂ ವಿಷಯ ಗೊತ್ತಾಗುತ್ತದೆ. ಅಂದರೆ ಸಹಾಯ ಮಾಡಲು ಹೋಗಿ ನಾನು ಮತ್ತೆ ಅದನ್ನೇ ಮಾಡುತ್ತಿದ್ದೇನೆಯೇ, ಇನ್ನೊಂದು ಚೀಲ ಇಟ್ಟು ಬರುತ್ತಿದ್ದೇನೆಯೇ? ಈ ಸಾಲು ಬರೆಯುವಾಗ ಕೈ ನಿಂತಿತು. ಈ ಸಲ ಕೇಳದೆ ಮಾಡಬಾರದು ಎಂದು ಇಲ್ಲಿಯವರೆಗೆ ಬರೆದದ್ದನ್ನು ಮಗಳ ಕೈಗೆ ಕೊಟ್ಟೆ. ಬೇಡ ಎಂದರೆ ಒಲೆಗೆ ಹಾಕುವುದೆಂದು ಪಕ್ಕದಲ್ಲೇ ಕೂತೆ.

ಅವಳು ಪೂರಾ ಓದಿದಳು. ತಾರ್ಲೆಯ ಮಾತು ಬಂದಲ್ಲಿ ಸ್ವಲ್ಪ ನಕ್ಕಳು. ಆಮೇಲೆ ನಗಲಿಲ್ಲ. ಮಡಚಿ ಕೊಡುವಾಗ ಹೇಳಿದಳು:

“ಹಾಕು ಆಯಿ. ಇದು ಬಂದಮೇಲೆ ಆ ಕಾಲೇಜಿಗೆ ಹೋಗೂಕಂತೂ ಆಗೂದಿಲ್ಲ ನಂಗೆ. ಅವರೂ ಇಟ್ಕಳ್ಳೂದಿಲ್ಲ. ಚಲೋನೇ ಆಯ್ತು.”

“ನಿನ್ನ ಹೆಸರು ಎಲ್ಲೂ ಹಾಕಲಿಲ್ಲ ಕಾಣು” ಎಂದೆ, ಸಮಾಧಾನವಾಗಲಿ ಎಂದು.

“ಅದೇ ನಾ ಹೇಳೂಕೆ ಹೊರಟಿದ್ದು. ಅವರಿಟ್ಟ ಹೆಸರು ಬರ್ದೀಯೆ. ನೀನಿಟ್ಟಿದ್ದು ಬರೀಲಿಲ್ಲ.”

ಅವಳೇ ಪೆನ್ನು ತಂದುಕೊಟ್ಟಳು. ಅವಳ ಹೆಸರು ನೀತಾ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೀತಾ ಮೂರನೆಯ ಸಲ ಅರ್ಜಿ ತರುತ್ತಾಳೆ. ಕಾರಣದ ಕಾಲಂ ಖಾಲಿ ಇರುತ್ತದೆ. ಅದನ್ನು ನೀವೇ ತುಂಬಬೇಕು. ‘ತಾಯಿಯ ತಿಳಿಗೇಡಿತನದ ಮೀನು, ಪ್ರಾಂಶುಪಾಲರ ಸಿಟ್ಟಿನ ಫಿನಾಯಿಲ್’ ಎಂದು ಬರೆದರೆ ನನ್ನ ಒಪ್ಪಿಗೆಯಿದೆ. ಅರ್ಧ ನನ್ನದು, ಅರ್ಧ ನಿಮ್ಮದು. ಅಷ್ಟು ಬರೆಯಲು ಮನಸ್ಸಾಗದಿದ್ದರೆ ಮೀನು ಒಂದನ್ನೇ ಬರೆಯಿರಿ, ನಿಮ್ಮ ಅರ್ಧವನ್ನೂ ನಾನೇ ಹೊರುತ್ತೇನೆ. ಗಡುವು ಮುಗಿಯುವ ಮೊದಲು ಸಹಿ ಹಾಕಿ. ಕೊಡುವಾಗ ಅವಳನ್ನು ಅವಳ ಹೆಸರಿನಿಂದ ಕರೆದು, ಹೊರಗೆ ಮಕ್ಕಳಿಗೆ ಕೇಳುವಷ್ಟು ಗಟ್ಟಿಯಾಗಿ ಕರೆದು, ಕೈಗೆ ಕೊಡಿ. ನಾನು ಗೇಟಿನ ಹೊರಗೆ ನಿಂತಿರುತ್ತೇನೆ. ನಿಮಗೆ ಕರೆಯಬೇಕು ಅನ್ನಿಸಿದರೆ ಒಳಗೆ ಬರುತ್ತೇನೆ, ಬೈಗುಳ ಏನಾದರೂ ಉಳಿದಿದ್ದರೆ ಅದು ನನ್ನ ಪಾಲಿನದು.

ಇಂತಿ,
ಕೇಳಿದಾಗ ‘ಏನೂ ಇಲ್ಲ’ ಎಂದು ಬಂದವಳು,
ಮಾದೇವಿ
ನೀತಾಳ ಆಯಿ
ಭಾವಿಕೇರಿ, ಅಂಕೋಲಾ ತಾಲೂಕು